ಕಡಲಿಲ್ಲದ ಮಂಗಳೂರಿನ ಪತ್ತೇದಾರರು

ಮಂಗಳೂರು ಎಂದರೆ ಎಲ್ಲರಿಗೂ ಕಡಲು ನೆನಪಾಗುತ್ತದೆ. ನಮ್ಮ ಮಂಗಳೂರಿಗೆ ಕಡಲಿಲ್ಲ. ಅದು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯಲ್ಲಿ, ಎರೆಹೊಲಗಳ ನಡುವೆ ಇರುವ ಊರು. ನಾನು ಹುಡುಗನಾಗಿದ್ದಾಗ ಅದು ರಾಯಚೂರು ಜಿಲ್ಲೆಗೆ ಸೇರಿತ್ತು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹೈಸ್ಕೂಲಿನಲ್ಲಿದ್ದಾಗ ಬೆಂಗಳೂರಿನ ಪ್ರಕಾಶಕರೊಬ್ಬರಿಗೆ ಮನಿಯಾರ್ಡರ್ ಕಳಿಸಿ ಎರಡು ಪತ್ತೇದಾರಿ ಕಾದಂಬರಿ ತರಿಸಲು ಹೋಗಿ, ವಿಳಾಸದಲ್ಲಿ ತಾಲೂಕು ಮತ್ತು ಜಿಲ್ಲೆಯ ಹೆಸರು ಬರೆಯುವುದನ್ನೇ ಮರೆತಿದ್ದೆ. ಪುಸ್ತಕಗಳು ಕರಾವಳಿಯ ಮಂಗಳೂರು ನೋಡಿಕೊಂಡು ಬೆಂಗಳೂರಿಗೆ ಹಿಂತಿರುಗಿ, ನಾನು ಇನ್ನೊಂದು ಕಾರ್ಡು ಬರೆದ ಮೇಲೆ ನನ್ನ ಕೈ ಸೇರಿದವು. "ಭಾರೀ ಪತ್ತೇದಾರರು ನೋಡು, ನಮ್ಮೂರ ಪತ್ತೆನ ಹತ್ತಲಿಲ್ಲ ಅವರಿಗೆ" ಎಂದು ಅಜ್ಜ ನಕ್ಕ.

ನಕ್ಕರೂ ಆ ಎರಡನ್ನೂ ನನಗಿಂತ ಮೊದಲು ಓದಿ ಮುಗಿಸಿದವನು ಅಜ್ಜನೇ. ನಮ್ಮ ಮನೆಯಲ್ಲಿ ಪತ್ತೇದಾರಿ ಓದಿನ ಇತಿಹಾಸ ಶುರುವಾಗುವುದು ಅವನಿಂದ. ಅದು ಶುರುವಾದದ್ದು ಕನ್ನಡದಲ್ಲಿ ಅಲ್ಲ.

ಅಜ್ಜ ಕಲಿತದ್ದು ನಿಜಾಮನ ಕಾಲದ ಉರ್ದು ಶಾಲೆಯಲ್ಲಿ. ಆಗ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿ ಎಲ್ಲವೂ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಪಡುವಣಕ್ಕೆ ಸ್ವಲ್ಪ ದೂರ ನಡೆದರೆ ಗಡಿ, ಅದರಾಚೆ ಮುಂಬೈ ಪ್ರಾಂತದ ಗದಗು. ಕನ್ನಡ ಪುಸ್ತಕ, ಪತ್ರಿಕೆ ಬರುತ್ತಿದ್ದುದು ಆ ಕಡೆಯಿಂದ. ಉರ್ದು ಬರುತ್ತಿದ್ದುದು ಹೈದರಾಬಾದಿನ ಕಡೆಯಿಂದ. ಎರಡು ದಿಕ್ಕಿನಿಂದ ಬಂದ ಎರಡು ಲಿಪಿಗಳು ನಮ್ಮ ಪಡಸಾಲೆಯ ಒಂದೇ ಗೂಡಿನಲ್ಲಿ ಕೂತಿದ್ದವು.

1952ರಲ್ಲಿ ಅಲಹಾಬಾದಿನಿಂದ 'ಜಾಸೂಸಿ ದುನಿಯಾ' ಎಂಬ ಮಾಲೆ ಹೊರಡತೊಡಗಿತು. ಬರೆಯುತ್ತಿದ್ದವರು ಇಬ್ನೆ ಸಫಿ. ಅದೇ ವರ್ಷ ಅವರು ಪಾಕಿಸ್ತಾನಕ್ಕೆ ಹೋದರು, ಆದರೆ ಕಾದಂಬರಿಗಳು ಎರಡೂ ದೇಶಗಳಲ್ಲಿ ಅಚ್ಚಾಗುತ್ತಲೇ ಇದ್ದವು. ದೇಶ ಒಡೆದರೂ ಓದುಗರು ಒಡೆದಿರಲಿಲ್ಲ. ಕರ್ನಲ್ ಫರೀದಿ, ಕ್ಯಾಪ್ಟನ್ ಹಮೀದ್, ಆಮೇಲೆ ಬಂದ ಇಮ್ರಾನ್ ಇವರ ಸಾಹಸಗಳನ್ನು ಅಜ್ಜ ಹೊಲದ ಬದುವಿನ ಮೇಲೆ ಕೂತು ಓದುತ್ತಿದ್ದನಂತೆ. ರಾತ್ರಿ ಅವನ್ನೇ ಕನ್ನಡದಲ್ಲಿ ಕಥೆ ಮಾಡಿ ಹೇಳುತ್ತಿದ್ದ. ನಾನು ಕೇಳಿದ ಮೊದಲ ಪತ್ತೇದಾರಿ ಕಥೆಗಳು ಹೀಗೆ ಉರ್ದುವಿನಿಂದ ಇಳಿದು ಬಂದವು. ಅವುಗಳಲ್ಲಿ ಕರ್ನಲ್ ಫರೀದಿ ಜೋಳದ ರೊಟ್ಟಿ ತಿನ್ನುತ್ತಿದ್ದ.

ಅಜ್ಜನ ಈ ಓದಿಗೆ ಊರಲ್ಲಿ ಟೀಕೆಯೂ ಇತ್ತು. 1948ರ ನೆನಪು ಆಗಿನ್ನೂ ಹಸಿಯಾಗಿತ್ತು. ರಜಾಕಾರರ ಹಾವಳಿಗೆ ಹೆದರಿ ನಮ್ಮ ಸೀಮೆಯ ಎಷ್ಟೋ ಮನೆತನಗಳು ಗಡಿ ದಾಟಿದ್ದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ನೇತೃತ್ವದ ಶಿಬಿರವಿತ್ತು. ಅಜ್ಜನೂ ಮನೆಯವರನ್ನು ಕರೆದುಕೊಂಡು ಗದಗಿನ ಕಡೆ ಹೋಗಿ, ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಮರಳಿದ್ದ. ಅಂಥವನು ಮತ್ತೆ ಉರ್ದು ಪುಸ್ತಕ ಹಿಡಿದು ಕೂತರೆ ಜನ ಕೇಳದೆ ಇರುತ್ತಾರೆಯೇ? "ಅವರ ಭಾಷಾ ಯಾಕ ಓದತೀರಿ?" ಎಂದವರಿಗೆ ಅವನ ಉತ್ತರ ಒಂದೇ: "ಭಾಷಾ ಏನ್ ಮಾಡೈತ್ರಿ? ಮಾಡಿದವರು ಮಂದಿ. ಯಾರು ಮಾಡಿದ್ರು ಅಂತ ಹೆಸರು ಹಿಡದು ಕೇಳ್ರಿ."

ಈ ಮಾತಿನ ತೂಕ ನನಗೆ ಗೊತ್ತಾದದ್ದು ಬಹಳ ತಡವಾಗಿ. ಕಾರ್ಯಾಚರಣೆಯ ನಂತರ ಸಂಸ್ಥಾನದ ಹಲವು ಜಿಲ್ಲೆಗಳಲ್ಲಿ ಸೇಡಿನ ಹಿಂಸೆ ನಡೆಯಿತು. ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರ ಎಂದು ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಕಪಾಟಿನಲ್ಲೇ ಇತ್ತು. ಕೆಲವರು ಮಾಡಿದ್ದಕ್ಕೆ ಇಡೀ ಒಂದು ಸಮುದಾಯ ಆರೋಪಿಯಾಗಿ ನಿಂತ ದಿನಗಳವು. ಪತ್ತೇದಾರಿ ಕಾದಂಬರಿಯ ಮೊದಲ ನಿಯಮ ಇದಕ್ಕೆ ತೀರಾ ವಿರುದ್ಧವಾದದ್ದು. ಅಲ್ಲಿ ಎಲ್ಲರ ಮೇಲೂ ಅನುಮಾನ ಬೀಳಬಹುದು, ಅಪರಾಧ ಮಾತ್ರ ಮಾಡಿದವನದೇ. ಅದನ್ನು ಸಾಕ್ಷಿ ಇಟ್ಟು ತೋರಿಸಬೇಕು. ಅಜ್ಜನನ್ನು ಆ ಪುಸ್ತಕಗಳ ಕಡೆ ಸೆಳೆದದ್ದು ಇದೇ ಇರಬಹುದು ಎಂದು ನನಗೆ ಅನ್ನಿಸುತ್ತದೆ.

ನನ್ನ ಪಾಲಿಗೆ ಪತ್ತೇದಾರ ಕನ್ನಡದಲ್ಲೇ ಬಂದ. ಎನ್. ನರಸಿಂಹಯ್ಯನವರ ಹೆಸರು ಆಗ ನಮ್ಮಂಥ ಹುಡುಗರಿಗೆ ಪಠ್ಯಪುಸ್ತಕದ ಕವಿಗಳ ಹೆಸರಿಗಿಂತ ಹೆಚ್ಚು ಪರಿಚಿತವಾಗಿತ್ತು. ಶಾಲೆಯ ಓದು ನಾಲ್ಕನೆಯ ಇಯತ್ತೆಯಷ್ಟು. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿ. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ ಇವರೆಲ್ಲ ಅವರ ಕೈಯಿಂದ ಹುಟ್ಟಿದವರು. ಅಗ್ಗದ ಕಾಗದ, ದಪ್ಪ ಅಕ್ಷರ, ಸಣ್ಣ ಸಣ್ಣ ವಾಕ್ಯ. ಆಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತವನೂ ಎಡವದೆ ಕೊನೆಯ ಪುಟ ಮುಟ್ಟಬಹುದಿತ್ತು. ನಮ್ಮೂರ ಹಿಟ್ಟಿನ ಗಿರಣಿಯವನು, ಬಸ್‌ಸ್ಟ್ಯಾಂಡಿನ ಚಾದಂಗಡಿಯವನು, ಕುಕನೂರಿನ ಸಂತೆಗೆ ಬಟ್ಟೆ ಹೊರುತ್ತಿದ್ದ ಕಾಕಾ ಎಲ್ಲರೂ ಅವರ ಓದುಗರು. ಒಂದು ಪುಸ್ತಕ ನಲವತ್ತು ಕೈ ದಾಟಿ ರಕ್ಷಾಪುಟ ಕಳೆದುಕೊಂಡು ನನ್ನ ಹತ್ತಿರ ಬರುತ್ತಿತ್ತು. ವಿಮರ್ಶಕರು ಅವರನ್ನು ಎಣಿಕೆಗೆ ತೆಗೆದುಕೊಳ್ಳಲಿಲ್ಲ. ನಮ್ಮಂಥ ಊರುಗಳಲ್ಲಿ ಕನ್ನಡ ಓದುವ ಚಟ ಹತ್ತಿಸಿದವರನ್ನು ಎಣಿಸಲು ಕೂತರೆ ಅವರ ಹೆಸರನ್ನು ಬಿಡಲು ಬರುವುದಿಲ್ಲ.

ಇನ್ನೊಬ್ಬರು ಮ. ರಾಮಮೂರ್ತಿ. ನವೆಂಬರ್ ಒಂದರಂದು ನಾವು ಹಾರಿಸುವ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಕನ್ನಡ ಹೋರಾಟಗಾರ ಎಂದು ಅವರನ್ನು ಎಲ್ಲರೂ ಬಲ್ಲರು. ಅವರು ಸಾಲು ಸಾಲು ಪತ್ತೇದಾರಿ ಕಾದಂಬರಿ ಬರೆದವರು ಎಂಬುದು ಎಷ್ಟು ಜನರಿಗೆ ನೆನಪಿದೆಯೋ. 1967ರಲ್ಲಿ ಬಾವಿ ಕುಸಿದು, ಇಬ್ಬರು ಮಕ್ಕಳೊಂದಿಗೆ ತೀರಿಕೊಂಡರು. ಅದು ನಾನು ಹುಟ್ಟುವ ಮೊದಲಿನ ಮಾತು. ಆದರೂ ಅವರ ಪುಸ್ತಕಗಳು ಸಂತೆಯ ಹಳೆ ಪುಸ್ತಕದ ರಾಶಿಯಲ್ಲಿ ಸಿಗುತ್ತಿದ್ದವು. ಆಮೇಲೆ ಟಿ. ಕೆ. ರಾಮರಾವ್ ಸಿಕ್ಕರು. 'ಬಂಗಾರದ ಮನುಷ್ಯ' ಸಿನಿಮಾದ ಮೂಲ ಕಾದಂಬರಿ ಅವರದು ಎಂದು ತಿಳಿದು ಕೈಗೆತ್ತಿಕೊಂಡವನಿಗೆ, ಅದೇ ಲೇಖಕರ ಕೊಲೆ ಕುತೂಹಲದ ಕಾದಂಬರಿಗಳು ಬೇರೆಯೇ ಲೋಕ ತೋರಿಸಿದವು. ಅಲ್ಲಿ ಯಾರು ಮಾಡಿದರು ಎಂಬುದರ ಜತೆಗೆ ಯಾಕೆ ಮಾಡಿದರು ಎಂಬುದೂ ಮುಖ್ಯವಾಗಿತ್ತು.

ಆಮೇಲೆ ತೆಲುಗಿನ ದಾರಿ ತೆರೆಯಿತು. ಅದಕ್ಕೆ ಕಾರಣ ತುಂಗಭದ್ರಾ. 1953ರಲ್ಲಿ ಮುನಿರಾಬಾದಿನ ಅಣೆಕಟ್ಟು ಸಿದ್ಧವಾಗಿ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ, ಕರಾವಳಿ ಆಂಧ್ರದ ರೈತರು ಗಂಗಾವತಿಯ ಸುತ್ತ ಬಂದು ನೆಲೆಸಿ ಭತ್ತ ಬೆಳೆದರು. ಅವರು ನೆಲೆಸಿದ ಜಾಗಗಳಿಗೆ ಈಗಲೂ ಕ್ಯಾಂಪ್ ಎನ್ನುತ್ತಾರೆ. ಭತ್ತದ ಜತೆ ತೆಲುಗು ಸಿನಿಮಾ ಬಂತು, ತೆಲುಗು ವಾರಪತ್ರಿಕೆಗಳು ಬಂದವು, ಅವುಗಳಲ್ಲಿ ಯಂಡಮೂರಿ ವೀರೇಂದ್ರನಾಥರ ಧಾರಾವಾಹಿಗಳು ಬಂದವು. ಗಂಗಾವತಿಯಲ್ಲಿದ್ದ ನನ್ನ ಚಿಕ್ಕವ್ವ ಅಕ್ಕಪಕ್ಕದ ಮನೆಯವರು ತೆಲುಗಿನಲ್ಲಿ ಓದಿ ಹೇಳಿದ 'ತುಳಸಿದಳ'ದ ಕಥೆ ಕೇಳಿ, ತಡೆಯಲಾರದೆ ಅದರ ಕನ್ನಡ ಅನುವಾದವನ್ನು ಹುಡುಕಿ ತಂದಳು. ವಂಶಿ, ಸರಿತಾ ಜ್ಞಾನಾನಂದರಂಥ ಅನುವಾದಕರ ಮೂಲಕ ತೆಲುಗಿನ ಥ್ರಿಲ್ಲರು ಕನ್ನಡದ ಮನೆಮನೆ ಹೊಕ್ಕ ಕಾಲವದು. ರಜೆಗೆ ಬಂದ ಚಿಕ್ಕವ್ವ ಪುಸ್ತಕವನ್ನು ನಮ್ಮ ಮನೆಯಲ್ಲಿ ಬಿಟ್ಟು ಹೋದಳು. ಆಗ ನಾನು ಏಳನೆಯ ಇಯತ್ತೆ.

ತುಳಸಿದಳದಲ್ಲಿ ಒಂದು ಸಣ್ಣ ಹುಡುಗಿಯ ಮೇಲೆ ಮಾಟ ನಡೆಯುತ್ತದೆ. ಒಂದು ಕಡೆ ಮಂತ್ರ, ಇನ್ನೊಂದು ಕಡೆ ವೈದ್ಯಶಾಸ್ತ್ರ. ಎರಡನ್ನೂ ಒಂದೇ ಹಗ್ಗಕ್ಕೆ ಹೊಸೆದ ಕಾದಂಬರಿ. ಪೇಟೆಯ ಓದುಗರಿಗೆ ಅದೊಂದು ರೋಮಾಂಚನವಾಗಿತ್ತು. ನಮ್ಮಲ್ಲಿ ಹಾಗಲ್ಲ. ರಾಯಚೂರು, ಕಲಬುರಗಿ, ಬೀದರ ಸೀಮೆಯಲ್ಲಿ ಭಾನಾಮತಿ ಎಂಬುದು ಕಥೆಯಾಗಿರಲಿಲ್ಲ, ಪಕ್ಕದ ಓಣಿಯ ಸುದ್ದಿಯಾಗಿತ್ತು. ಮನೆಯ ಮೇಲೆ ಕಲ್ಲು ಬೀಳುವುದು, ಪೆಟ್ಟಿಗೆಯಲ್ಲಿಟ್ಟ ಸೀರೆಗೆ ಬೆಂಕಿ ಹತ್ತುವುದು, ಮೈಮೇಲೆ ಗಾಯದ ಗುರುತು ಮೂಡುವುದು ಇವನ್ನೆಲ್ಲ ಹೆಸರು ಊರು ಸಮೇತ ಹೇಳುವವರಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಓಣಿಯ ಹೆಣ್ಣುಮಕ್ಕಳು ನಮ್ಮ ಪಡಸಾಲೆಯಲ್ಲಿ ಸೇರುತ್ತಿದ್ದರು. ಯಾರೋ ಅಕ್ಕಿ ಆರಿಸುತ್ತ, ಯಾರೋ ಕೌದಿ ಹೊಲಿಯುತ್ತ ಕೇಳುವರು, ನಾನು ಓದುವೆ. ಹೆದರಿಕೆಯ ಜಾಗ ಬಂದಾಗ ದನಿ ತಗ್ಗಿಸುವುದನ್ನು ಯಾರೂ ಕಲಿಸದೆ ಕಲಿತೆ. ಅವರ ಕೈ ನಿಂತರೆ ನನಗೆ ಗೆದ್ದಂತೆ. ಒಂದು ದಿನ ಒಬ್ಬಾಕೆ ಕೇಳಿದಳು: "ಮಾಟ ಮಾಡೋರು ನೋಡಾಕ ಹೆಂಗಿರತಾರೋ ತಮ್ಮಾ? ಬರದಾರೇನ ಅದರಾಗ?" ಪುಸ್ತಕದಲ್ಲಿ ಏನಿತ್ತೋ, ನಾನು ಅದನ್ನು ನೋಡಲಿಲ್ಲ. ಎಲ್ಲ ಬಲ್ಲವನಂತೆ ಹೇಳಿದೆ: "ಒಬ್ಬರ ಇರತಾರ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೂ ಅವರ ಮನ್ಯಾಗ ದೀಪ ಇರತೈತಿ."

ಯಾರೂ ಮಾತಾಡಲಿಲ್ಲ. ಹಿಂದಿನ ಓಣಿಯಲ್ಲಿ ಒಬ್ಬ ಆಯಿ ಇದ್ದಳು. ಗಂಡ ಸತ್ತಿದ್ದ, ಮಗಳನ್ನು ದೂರದ ಊರಿಗೆ ಕೊಟ್ಟಿದ್ದಳು. ಹತ್ತಿ ಬಿಡಿಸಲು ಹೋಗುವಳು, ಸಂಜೆ ಬಂದು ತಡರಾತ್ರಿಯವರೆಗೂ ಚಿಮಣಿ ಬೆಳಕಿನಲ್ಲಿ ಕೌದಿ ಹೊಲಿಯುವಳು. ಅವಳ ಮನೆಯ ದೀಪ ನಮ್ಮ ಹಿತ್ತಲಿನಿಂದ ಕಾಣುತ್ತಿತ್ತು.

ಎರಡು ತಿಂಗಳೊಳಗೆ ಅದೇ ಓಣಿಯ ಒಂದು ಮನೆಯ ಮೇಲೆ ಕಲ್ಲು ಬೀಳತೊಡಗಿದವು. ಸಂಜೆ ಹೊತ್ತಿನಲ್ಲಿ ನಾಲ್ಕು, ಐದು. ಆ ಮನೆಯಲ್ಲಿ ಗಂಡ, ಹೆಂಡತಿ, ಮಗ, ಹೊಸದಾಗಿ ಮದುವೆಯಾಗಿ ಬಂದ ಸೊಸೆ. ಸೊಸೆಗೆ ಹದಿನಾರು ತುಂಬಿತ್ತೋ ಇಲ್ಲವೋ. ಕಲ್ಲು ಬಿದ್ದ ದಿನ ಅವಳಿಗೆ ಮೈ ನಡುಗಿ ಪ್ರಜ್ಞೆ ತಪ್ಪುತ್ತಿತ್ತು. ಒಂದು ವಾರದಲ್ಲಿ ಆಯಿಯ ಹೆಸರು ಎಲ್ಲರ ಬಾಯಲ್ಲಿತ್ತು. ಹೊಲಕ್ಕೆ ಕರೆಯುವುದನ್ನು ಬಿಟ್ಟರು. ಅವಳು ನೀರು ಸೇದುವಾಗ ಬಾವಿಯ ಬಳಿ ಯಾರೂ ನಿಲ್ಲದಾದರು.

ಅಜ್ಜ ಒಂದು ಸಂಜೆ ನನ್ನನ್ನು ಕರೆದುಕೊಂಡು ಆ ಮನೆಯ ಕಟ್ಟೆಯ ಮೇಲೆ ಹೋಗಿ ಕೂತ. ಮೂರು ದಿನ ಹಾಗೆಯೇ ಹೋದ. ಕೇಳಿದ್ದು ಸಣ್ಣ ಸಣ್ಣ ಪ್ರಶ್ನೆ. ಕಲ್ಲು ಯಾವ ಹೊತ್ತಿಗೆ ಬೀಳುತ್ತವೆ? ಮನೆಯಲ್ಲಿ ಯಾರಿಲ್ಲದಾಗ ಬಿದ್ದಿವೆಯೇ? ಬಿದ್ದ ಕಲ್ಲು ಎಲ್ಲಿವೆ? ಅವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ. ನಮ್ಮದು ಎರೆನೆಲ. ಬೇಕೆಂದರೂ ಕಲ್ಲು ಸಿಗುವುದು ಕಷ್ಟ. ಇವು ಕೆಂಪು ಕಲ್ಲಿನ ಚೂರುಗಳು. ಅದೇ ಮನೆಯವರು ಹಿತ್ತಲ ಗೋಡೆ ಕಟ್ಟಲು ಹೊರಗಿನಿಂದ ತರಿಸಿ ರಾಶಿ ಹಾಕಿದ್ದಂಥವು. ಸೊಸೆ ನೀರಿಗೆ ಹೋದ ಹೊತ್ತಿನಲ್ಲಿ ಒಂದೂ ಬಿದ್ದಿರಲಿಲ್ಲ. ಆಯಿಯ ಮನೆಯಿಂದ ಎಸೆದರೆ ಆ ಮಾಳಿಗೆಯನ್ನು ಮುಟ್ಟಲು ಸಾಧ್ಯವೂ ಇರಲಿಲ್ಲ.

ಮನೆಗೆ ಬರುವಾಗ ನಾನು ಹಿಗ್ಗಿನಿಂದ ಕೇಳಿದೆ: "ಯಾವಾಗ ಹೇಳತೀ ಅಜ್ಜಾ ಎಲ್ಲಾರಿಗೂ?" ಅಜ್ಜ ಸ್ವಲ್ಪ ದೂರ ಸುಮ್ಮನೆ ನಡೆದ. ಆಮೇಲೆ ಹೇಳಿದ: "ಕಾದಂಬರಿಯೊಳಗ ಕಡೀ ಪುಟದಾಗ ಎಲ್ಲಾರನ್ನೂ ಕುಂದರಿಸಿ ಹೇಳತಾರ. ಹೇಳಿದ ಮ್ಯಾಲೆ ಆ ಮನ್ಯಾಗ ಯಾರು ಹೆಂಗ ಬಾಳೇ ಮಾಡತಾರ ಅನ್ನೂದು ಬರಿಯಂಗಿಲ್ಲ."

ಅವನು ಯಾರಿಗೂ ಹೇಳಲಿಲ್ಲ. ಹುಡುಗಿಯ ಮಾವನನ್ನು ಒಬ್ಬನನ್ನೇ ಕರೆದು, "ಹುಡುಗಿಗೆ ಆರಾಮಿಲ್ಲ, ತವರಿಗೆ ಕಳಸ್ರಿ. ಎರಡು ತಿಂಗಳು ಇದ್ದು ಬರಲಿ" ಎಂದ. ಕಳಿಸಿದರು. ಕಲ್ಲು ನಿಂತವು. ಊರು ಇದರಿಂದ ತೆಗೆದ ತೀರ್ಮಾನ ಬೇರೆಯೇ ಆಗಿತ್ತು: ಹುಡುಗಿ ಊರು ಬಿಟ್ಟಳು, ಮಾಟ ತಪ್ಪಿತು; ಅಂದಮೇಲೆ ಮಾಟ ಈ ಊರಿನದೇ. ಮುಂದಿನ ಉಗಾದಿಯೊಳಗೆ ಆಯಿ ತಟ್ಟೆ, ತಂಬಿಗೆ, ನಾಲ್ಕು ಕೌದಿ ಕಟ್ಟಿಕೊಂಡು ಮಗಳ ಊರಿಗೆ ಹೋದಳು. ಮರಳಲಿಲ್ಲ. ಅಜ್ಜ ಒಬ್ಬಳನ್ನು ಉಳಿಸಿದ್ದ, ಇನ್ನೊಬ್ಬಳನ್ನು ಉಳಿಸಲಾಗಲಿಲ್ಲ. ಅದು ಅವನಿಗೆ ಗೊತ್ತಿತ್ತು. ಪಡಸಾಲೆಯಲ್ಲಿ ನಾನು ಆಡಿದ ಮಾತು ಮಾತ್ರ ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಈ ಪ್ರಸಂಗವನ್ನು ಇತಿಹಾಸದಲ್ಲಿಟ್ಟು ನೋಡುವ ಬುದ್ಧಿ ಬಂದದ್ದು ಕಾಲೇಜಿಗೆ ಹೋದ ಮೇಲೆ. ಕನ್ನಡ ನಾಡಿಗೆ ಇಬ್ಬರು ನರಸಿಂಹಯ್ಯರು ಪತ್ತೇದಾರಿ ಕಲಿಸಲು ನೋಡಿದರು ಎಂದು ನಾನು ತಮಾಷೆಗೆ ಹೇಳುವುದುಂಟು. ಒಬ್ಬರು ಕಾದಂಬರಿಕಾರರು. ಇನ್ನೊಬ್ಬರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷೆ ಮಾಡಲು ಸಮಿತಿ ರಚಿಸಿದವರು. ಪ್ರಶ್ನೆ ಕೇಳದೆ ಒಪ್ಪಬೇಡಿ ಎಂಬುದು ಅವರ ಬದುಕಿನ ಪಾಠವಾಗಿತ್ತು. ನಮ್ಮ ಸೀಮೆಯ ಭಾನಾಮತಿಯ ಬಗ್ಗೆ ನಿಮ್ಹಾನ್ಸಿನ ಮನೋವೈದ್ಯ ಸಿ. ಆರ್. ಚಂದ್ರಶೇಖರ್ ಅಧ್ಯಯನ ಮಾಡಿ ಬರೆದದ್ದನ್ನು ಓದಿದಾಗ ಆ ಸೊಸೆಯ ಮುಖ ಕಣ್ಣ ಮುಂದೆ ಬಂತು. ಬಾಯಿಬಿಟ್ಟು ಹೇಳಲಾಗದ ಸಂಕಟ ಮೈಯಲ್ಲಿ ಕಾಣಿಸಿಕೊಳ್ಳುವುದನ್ನು ಅವರು ವೈದ್ಯರ ಮಾತಿನಲ್ಲಿ ವಿವರಿಸಿದ್ದರು. ಅಜ್ಜ ಅದನ್ನು "ಆರಾಮಿಲ್ಲ" ಎಂಬ ಒಂದೇ ಮಾತಿನಲ್ಲಿ ಹೇಳಿದ್ದ. ಅಲ್ಲಿಗೆ ಪ್ರಶ್ನೆ 'ಯಾರು ಕಲ್ಲು ಎಸೆದರು' ಎಂಬುದರಿಂದ 'ಯಾಕೆ ಎಸೆಯಬೇಕಾಯಿತು' ಎಂಬುದಕ್ಕೆ ಬಂದು ನಿಲ್ಲುತ್ತದೆ.

ಅದೇ ದಿನಗಳಲ್ಲಿ ತೇಜಸ್ವಿಯವರ 'ಚಿದಂಬರ ರಹಸ್ಯ' ಕೈಗೆ ಬಂತು. 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ ಎಂದು ಅಂಜುತ್ತಲೇ ತೆರೆದರೆ, ಒಳಗಿರುವುದು ಪತ್ತೇದಾರಿ ಕಥೆ. ಏಲಕ್ಕಿ ವಿಜ್ಞಾನಿಯೊಬ್ಬರ ಸಾವಿನ ತನಿಖೆಗೆ ಅಧಿಕಾರಿಯೊಬ್ಬ ಮಲೆನಾಡಿನ ಕೆಸರೂರಿಗೆ ಬರುತ್ತಾನೆ. ಅಲ್ಲಿಯೂ ಒಂದು ಮನೆಯ ಮೇಲೆ ಕಲ್ಲು ಬೀಳುತ್ತವೆ! ಆ ಪುಟಗಳನ್ನು ಓದುವಾಗ ನನ್ನ ಕೈ ನಡುಗಿದ್ದು ಕುತೂಹಲದಿಂದ ಅಲ್ಲ. ಊರಿನವರೆಲ್ಲ ಒಬ್ಬರನ್ನೊಬ್ಬರು ಅನುಮಾನಿಸುವುದರಲ್ಲಿ ಮುಳುಗಿರುವಾಗ, ಎಲ್ಲರನ್ನೂ ನುಂಗುವ ಬೆಂಕಿ ಬೇರೆ ಕಡೆಯಿಂದ ಬರುತ್ತದೆ. ನಾನು ಕಂಡ ಊರನ್ನು ಯಾರೋ ಬೇರೆ ಸೀಮೆಯಲ್ಲಿ ಕೂತು ಬರೆದಿದ್ದರು.

ತೇಜಸ್ವಿಯವರೇ ನನಗೆ ಭಯವಿಲ್ಲದ ಬೆರಗನ್ನೂ ಕೊಟ್ಟರು. 'ಕರ್ವಾಲೊ'ದಲ್ಲಿ ಹುಡುಕಾಟ ಇದೆ, ಸುಳಿವುಗಳಿವೆ, ಬೆನ್ನಟ್ಟುವಿಕೆ ಇದೆ. ಆದರೆ ಹುಡುಕುವುದು ಅಪರಾಧಿಯನ್ನಲ್ಲ, ಹಾರುವ ಓತಿಯನ್ನು. ಅಲ್ಲಿಂದ ನಾನು ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಾದಂಬರಿಗಳಿಗೆ, ಮಹಾಭಾರತವನ್ನು ಅನ್ಯಗ್ರಹದ ಜೀವಿಗಳ ಜತೆ ಬೆಸೆದ ಮನು ಅವರ 'ಮಹಾಸಂಪರ್ಕ'ಕ್ಕೆ ಹೋದೆ. ಅವುಗಳಲ್ಲಿಯೂ ನಂಬಲಾಗದ್ದು ನಡೆಯುತ್ತದೆ. ಆದರೆ 'ಹೀಗಾದರೆ ಏನಾದೀತು' ಎಂದು ಕೇಳುವ ಕಥೆಗೂ 'ಹೀಗೆಯೇ ಆಗುತ್ತದೆ, ಹುಷಾರ್' ಎಂದು ಹೆದರಿಸುವ ಕಥೆಗೂ ಅಂತರವಿದೆ. ಮೊದಲನೆಯದು ಓದುಗನನ್ನು ಯೋಚನೆಗೆ ಹಚ್ಚುತ್ತದೆ. ಎರಡನೆಯದು ಪಕ್ಕದ ಮನೆಯ ದೀಪ ನೋಡುವಂತೆ ಮಾಡುತ್ತದೆ.

ಹಾಗೆಂದು ತುಳಸಿದಳವನ್ನು ದೂರಲು ನನಗೆ ಬಾಯಿಲ್ಲ. ಲಕ್ಷಾಂತರ ಜನ ಅದನ್ನು ಓದಿ, ಹೆದರಿ, ಮುಚ್ಚಿಟ್ಟು ಮಲಗಿದರು. ಯಾರನ್ನೂ ಊರು ಬಿಡಿಸಲಿಲ್ಲ. ಪುಸ್ತಕದಲ್ಲಿರುವುದಕ್ಕೂ ಓದಿ ಹೇಳುವವನು ಸೇರಿಸುವುದಕ್ಕೂ ನಡುವೆ ಒಂದು ಜಾಗವಿರುತ್ತದೆ. ನಮ್ಮ ಪಡಸಾಲೆಯಲ್ಲಿ ಆ ಜಾಗದಲ್ಲಿ ಕೂತಿದ್ದವನು ನಾನು. ಗಟ್ಟಿಯಾಗಿ ಓದುವವನಿಗೆ ಕೇಳುವವರ ಮೇಲೆ ಅಧಿಕಾರವಿರುತ್ತದೆ ಎಂಬುದು ಹನ್ನೆರಡು ವರ್ಷದವನಿಗೆ ಗೊತ್ತಿರಲಿಲ್ಲ ಎನ್ನಬಹುದು. ಅವರ ಕೈ ನಿಂತಾಗ ನನಗಾಗುತ್ತಿದ್ದ ಖುಷಿ ನೆನೆದರೆ, ಪೂರ್ತಿ ಗೊತ್ತಿರಲಿಲ್ಲ ಎಂದು ಹೇಳಲೂ ಆಗುವುದಿಲ್ಲ.

2017ರಲ್ಲಿ ಕರ್ನಾಟಕ ಮಾಟ, ಮಂತ್ರ ಮತ್ತು ಅಮಾನವೀಯ ಆಚರಣೆಗಳ ವಿರುದ್ಧ ಕಾನೂನು ಮಾಡಿತು. ಸುದ್ದಿ ಓದಿದ ದಿನ ಊರಿಗೆ ಹೋಗಬೇಕೆನ್ನಿಸಿತು, ಹೋದೆ. ಅಜ್ಜ ತೀರಿಕೊಂಡು ಆಗಲೇ ಬಹಳ ವರ್ಷವಾಗಿತ್ತು. ಅವನ ಪೆಟ್ಟಿಗೆಯಲ್ಲಿ ಜಾಸೂಸಿ ದುನಿಯಾದ ಹನ್ನೊಂದು ಪುಸ್ತಕ ಉಳಿದಿದ್ದವು. ನನಗೆ ಉರ್ದು ಓದಲು ಬರುವುದಿಲ್ಲ. ಹಾಳೆ ತಿರುವಿದರೆ ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನಲ್ಲಿ ಕನ್ನಡದ ಮಾತುಗಳು: "ಇವನಲ್ಲ." "ಇವನೂ ಅಲ್ಲ." ಓದುತ್ತ ಓದುತ್ತ ಯಾರ ಮೇಲೆ ಅನುಮಾನ ಬಿಡಬೇಕೋ ಅವರನ್ನು ಬಿಡುತ್ತ ಹೋಗಿದ್ದ. ಯಾರ ಮೇಲೆ ಅನುಮಾನವಿದೆ ಎಂದು ಎಲ್ಲೂ ಬರೆದಿರಲಿಲ್ಲ.

ಸಂಜೆ ಹಿತ್ತಲಿಗೆ ಹೋಗಿ ನಿಂತೆ. ಆಯಿಯ ಮನೆ ಬಿದ್ದು ಹೋಗಿದೆ. ಆ ಜಾಗದಲ್ಲಿ ಯಾರದೋ ಮೇವಿನ ಬಣವೆ. ಹಿಂದಿನ ಓಣಿಯ ಹುಡುಗನೊಬ್ಬ ಮೊಬೈಲಿನಲ್ಲಿ ದೆವ್ವದ ವಿಡಿಯೊ ನೋಡುತ್ತ ಕೂತಿದ್ದ. ಪಕ್ಕದಲ್ಲಿ ಅವನ ತಂಗಿ ಕಣ್ಣು ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡುತ್ತಿದ್ದಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ವಿಡಿಯೊ ಮುಗಿದ ಮೇಲೆ ಅಜ್ಜ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದೆ: "ಬಾಗಲಾ ತಾನ ತೆರಿತಲ್ಲ, ಆಗ ಆ ಮನ್ಯಾಗ ಯಾರ್‍ಯಾರಿದ್ರು?"

ಹುಡುಗ ತಲೆ ಕೆರೆದುಕೊಂಡು ವಿಡಿಯೊವನ್ನು ಮೊದಲಿನಿಂದ ಹಚ್ಚಿದ.